ಮಾತು ಕಲಿಸಿದರೆ ಮಗು ಕೆಡುತ್ತದಾ?

ಪ್ರಶ್ನೆ: ನನ್ನ ಮಗಳಿಗೆ 6 ವರ್ಷ. ಮೊನ್ನೆ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಮಕ್ಕಳಿಗೆ ಮೈಯ ಎಲ್ಲ ಭಾಗಗಳ ಹೆಸರನ್ನೂ ಮನೆಯಲ್ಲೇ ಹೇಳಿಕೊಡಿ, ‘ಶೇಮ್ ಶೇಮ್’ ಅಂತ ಮುಚ್ಚಿಬಿಡಬೇಡಿ ಅಂದರು. ನಮ್ಮತ್ತೆಗೆ ಇದು ಸುತಾರಾಂ ಇಷ್ಟವಿಲ್ಲ. “ಹೆಸರು ಗೊತ್ತಾದ್ರೆ ಅದರ ಯೋಚನೆ ಬರುತ್ತೆ. ಗೊತ್ತಿಲ್ಲದಿದ್ರೆ ಮಗು ಮುಗ್ಧವಾಗಿರುತ್ತೆ” ಅನ್ನುತ್ತಾರೆ. ನಮ್ಮ ಮನೆಯವರಿಗೆ ಓದುವ ಹುಚ್ಚು. ಜಾರ್ಜ್ ಆರ್ವೆಲ್ ಕಾದಂಬರಿಯಲ್ಲಿ ಸರ್ಕಾರ ಪದಗಳನ್ನು ಕಡಿಮೆ ಮಾಡುತ್ತಾ ಜನರ ಯೋಚನೆಯನ್ನೇ ಕಡಿಮೆ ಮಾಡುತ್ತದಂತೆ. ಹಾಗಾಗಿ ಅಮ್ಮ ಹೇಳೋದರಲ್ಲೂ ಅರ್ಥ ಇದೆ ಅನ್ನುವುದು ಅವರ ವಾದ. ನಿಜವಾಗಿಯೂ ಪದ ಇಲ್ಲದಿದ್ದರೆ ಯೋಚನೆ ಬರುವುದಿಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮತ್ತೆಯವರೂ ಆ ಕಾದಂಬರಿಯ ಸರ್ಕಾರವೂ ಒಂದೇ ಲೆಕ್ಕ ಹಾಕುತ್ತಿದ್ದಾರೆ ಅಂತ ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ನಿಮ್ಮ ಪತ್ರ ಓದಿ ನಗು ಬಂತು. ಆಮೇಲೆ ಎರಡು ದಿನ ಅದೇ ತಲೆಯಲ್ಲಿ ಕೊರೆಯಿತು. ಅತ್ತೆಯವರದು ಪ್ರೀತಿ, ಆ ಸರ್ಕಾರದ್ದು ದುಷ್ಟತನ. ಆದರೆ ಇಬ್ಬರ ನಂಬಿಕೆಯೂ ಒಂದೇ: ಪದ ಕಿತ್ತುಕೊಂಡರೆ ಅದರ ಜೊತೆಗೇ ಯೋಚನೆಯೂ ಕಿತ್ತು ಬರುತ್ತದೆ.

ಹಾಗಾಗುವುದಿಲ್ಲ. ಆದರೆ ಏನೂ ಆಗುವುದಿಲ್ಲ ಅಂತಲೂ ಅಲ್ಲ. ಏನಾಗುತ್ತದೆ ಅನ್ನುವುದನ್ನೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮಗಳ ವಿಷಯ ಅಲ್ಲೇ ಇರುವುದು.

ಮೊದಲು ಸುಲಭದ್ದು. ನಮಗೆ ‘ನಾಡಿದ್ದು’ ಅಂತ ಒಂದು ಪದ ಇದೆ. ಇಂಗ್ಲಿಷಿನವರಿಗೆ ದಿನಬಳಕೆಯಲ್ಲಿ ಇಲ್ಲ. ‘ದ ಡೇ ಆಫ್ಟರ್ ಟುಮಾರೊ’ ಅಂತ ನಾಲ್ಕು ಪದ ಹೇಳಬೇಕು ಅವರು. ಹಾಗಂತ ಅವರೇನೂ ನಾಡಿದ್ದಿನ ರೈಲಿಗೆ ಟಿಕೆಟ್ ತೆಗೆಯಲು ಒದ್ದಾಡುವುದಿಲ್ಲ. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಅವರಿಗೆ ‘ಅಂಕಲ್’. ಆದರೂ ಯಾರು ಅಪ್ಪನ ಕಡೆ, ಯಾರು ಅಮ್ಮನ ಕಡೆ ಅಂತ ಅವರಿಗೆ ಗೊತ್ತು. ವ್ಯತ್ಯಾಸ ಇಷ್ಟೇ. ಕನ್ನಡದಲ್ಲಿ ಅಣ್ಣನೋ ತಮ್ಮನೋ ಅಂತ ಹೇಳದೆ ಮಾತು ಮುಂದೆ ಹೋಗುವುದೇ ಇಲ್ಲ. ಇಂಗ್ಲಿಷಿನಲ್ಲಿ ಬೇಕಾದರೆ ಹೇಳಬಹುದು, ಬೇಡವಾದರೆ ಬಿಡಬಹುದು. ಭಾಷೆ ಕೆಲವನ್ನು ಗಮನಿಸಲೇಬೇಕು ಅಂತ ನಮ್ಮನ್ನು ಬಗ್ಗಿಸುತ್ತದೆ. ಉಳಿದದ್ದಕ್ಕೆ ಬಾಗಿಲು ಹಾಕುವುದಿಲ್ಲ.

ಇನ್ನು ಆರ್ವೆಲ್. 1949ರಲ್ಲಿ ಬಂದ ಆ ಕಾದಂಬರಿಯ ಹೆಸರು ‘ನೈಂಟೀನ್ ಎಯ್ಟಿ-ಫೋರ್’. ಅದರಲ್ಲಿ ‘ನ್ಯೂಸ್ಪೀಕ್’ ಅನ್ನುವ ಭಾಷೆ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಹೋಗುತ್ತದೆ. ‘ಕೆಟ್ಟದ್ದು’ ಅನ್ನುವ ಪದವೇ ಬೇಡ, ‘ಒಳ್ಳೆಯದಲ್ಲದ್ದು’ ಅಂದರೆ ಸಾಕು. ‘ಫ್ರೀ’ ಅನ್ನುವ ಪದ ಉಳಿಯುತ್ತದೆ, ಆದರೆ ನಾಯಿಗೆ ಹೇನಿಲ್ಲ, ಹೊಲದಲ್ಲಿ ಕಳೆ ಇಲ್ಲ ಅನ್ನುವ ಅರ್ಥದಲ್ಲಿ ಮಾತ್ರ. ನಾವೂ ದಿನವಿಡೀ ಆ ಪದ ಬಳಸುತ್ತೇವೆ. ‘ಸಂಜೆ ಫ್ರೀ ಇದ್ದೀಯಾ?’, ‘ಎರಡು ಸೋಪು ಕೊಂಡರೆ ಒಂದು ಫ್ರೀ’. ಯಾರದೋ ಮಗಳು ಸಂಜೆ 7ರ ನಂತರ ಮನೆಗೆ ಬಂದರೆ ಮಾತ್ರ ‘ಅವಳನ್ನ ತುಂಬಾ ಫ್ರೀ ಬಿಟ್ಟಿದ್ದಾರೆ’ ಅನ್ನುತ್ತೇವೆ. ನಮ್ಮಲ್ಲಿ ಯಾವ ಸರ್ಕಾರವೂ ಬಂದು ಈ ಪದವನ್ನು ಕತ್ತರಿಸಲಿಲ್ಲ ನೋಡಿ.

ಬರೀ ಪದ ಕಡಿಮೆ ಮಾಡಿದರೆ ಯೋಚನೆ ಕುಗ್ಗುತ್ತದೆಯೇ ಅಂತ ಪ್ರಪಂಚ ಒಂದೆರಡು ಸಲ ಗೊತ್ತಿಲ್ಲದೆಯೇ ಪರೀಕ್ಷೆ ಮಾಡಿ ನೋಡಿದೆ. ಸಿ. ಕೆ. ಆಗ್ಡೆನ್ ಅನ್ನುವ ಇಂಗ್ಲಿಷ್ ವಿದ್ವಾಂಸರು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಮಾಡಿದರು. ಒಟ್ಟು 850 ಪದ, ಅದರಲ್ಲಿ ಕ್ರಿಯಾಪದದ ಕೆಲಸಕ್ಕೆ 18. ಹೊರಗಿನವರು ಬೇಗ ಇಂಗ್ಲಿಷ್ ಕಲಿಯಲಿ ಅನ್ನುವುದು ಉದ್ದೇಶ. ಬಿಬಿಸಿಯಲ್ಲಿ ಕೆಲಸ ಮಾಡುತ್ತಿದ್ದಾಗ ಆರ್ವೆಲ್‌ಗೂ ಇದರ ಮೇಲೆ ಆಸಕ್ತಿ ಇತ್ತು. ಆಮೇಲೆ ಬೇರೆ ವಿದ್ವಾಂಸರು ಈ ಪದಗಳಿಗೆ ಇನ್ನು 150 ಸೇರಿಸಿಕೊಂಡು ಇಡೀ ಬೈಬಲ್ಲನ್ನೇ ಬರೆದರು. ಕೊಲೆ, ಪಾಪ, ಆಸೆ, ದಂಗೆ, ಯಾವುದೂ ಬಿಟ್ಟುಹೋಗಲಿಲ್ಲ. 2001ರಲ್ಲಿ ಕೆನಡಾದ ಸೋನ್ಯಾ ಲ್ಯಾಂಗ್ ಸುಮಾರು 120 ಪದಗಳ ‘ಟೋಕಿ ಪೋನಾ’ ಅನ್ನುವ ಭಾಷೆ ಕಟ್ಟಿದರು. ಅದನ್ನು ಕಲಿತವರು ಅದರಲ್ಲೇ ಹರಟುತ್ತಾರೆ, ಜಗಳವನ್ನೂ ಆಡುತ್ತಾರೆ. ಪದ ಇಲ್ಲದ ಕಡೆ ಇದ್ದ ಪದಗಳನ್ನೇ ಸುತ್ತಿ ಹೆಣೆಯುತ್ತಾರೆ.

ಇಲ್ಲಿಗೇ ನಿಲ್ಲಿಸಿದರೆ ‘ಪದ ಇದ್ದರೆಷ್ಟು, ಬಿಟ್ಟರೆಷ್ಟು’ ಅಂತಾಗುತ್ತದೆ. ಆದರೆ ಇವರೆಲ್ಲರ ತಲೆಯಲ್ಲೂ ಮೊದಲೇ ಒಂದು ದೊಡ್ಡ ಭಾಷೆ ಇತ್ತು. ಅದು ಇಲ್ಲದಿದ್ದರೆ?

ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಪಿರಹಾ ಅನ್ನುವ ಜನ ಇದ್ದಾರೆ. ಅವರ ಭಾಷೆಯಲ್ಲಿ ಎಣಿಸುವ ಪದಗಳಿಲ್ಲ. ‘ಕಡಿಮೆ’, ‘ಜಾಸ್ತಿ’ ಅನ್ನುವ ಥರದ ಒಂದೆರಡು ಇವೆ, ಅಷ್ಟೇ. 2004ರಲ್ಲಿ ಪೀಟರ್ ಗಾರ್ಡನ್, 2008ರಲ್ಲಿ ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು ಇವರ ಬಗ್ಗೆ ಸಂಶೋಧನೆ ಪ್ರಕಟಿಸಿದರು. ಎರಡನೆಯ ತಂಡ ಮೇಜಿನ ಮೇಲೆ ದಾರದ ಉಂಡೆಗಳನ್ನು ಸಾಲಾಗಿ ಇಟ್ಟಿತು. ಅಷ್ಟೇ ಬಲೂನುಗಳನ್ನು ಎದುರಿಗೆ ಇಡಿ ಅಂದರು. ಕಣ್ಣೆದುರಿಗೆ ಇದ್ದಾಗ ಪಿರಹಾ ಜನ ಚೆನ್ನಾಗಿಯೇ ಹೊಂದಿಸಿದರು. ಒಂದಕ್ಕೊಂದು ಇಡುತ್ತಾ ಹೋದರು, ಎಷ್ಟಿದ್ದರೂ ಸರಿ. ಅಂದರೆ ಏಳು ಮತ್ತು ಎಂಟರ ನಡುವಿನ ವ್ಯತ್ಯಾಸ ಅವರಿಗೆ ಕಾಣುತ್ತದೆ. ಆಮೇಲೆ ಸಾಲನ್ನು ಮುಚ್ಚಿದರು. ಇನ್ನೊಂದು ಸಲ ಒಂದೊಂದಾಗಿ ಡಬ್ಬಿಯೊಳಗೆ ಹಾಕಿದರು. ಆಗ ಲೆಕ್ಕ ತಪ್ಪಿತು. ಹತ್ತಿರ ಹತ್ತಿರ ಬಂತು, ಸರಿಯಾಗಿ ಬರಲಿಲ್ಲ.

ಅವರ ಬುದ್ಧಿ ಕಡಿಮೆ ಅಂತ ಯಾರಾದರೂ ಅಂದುಕೊಂಡರೆ, ಅದಕ್ಕೂ ಉತ್ತರ ಇದೆ. ಅದೇ ಸಂಶೋಧಕರು ಅಮೆರಿಕದಲ್ಲಿ ಇಂಗ್ಲಿಷ್ ಮಾತಾಡುವವರನ್ನು ಕೂರಿಸಿ, ಕಿವಿಗೆ ಬಿದ್ದ ಮಾತನ್ನು ಬಿಡದೆ ಬಾಯಲ್ಲಿ ಹೇಳುತ್ತಾ ಇರಿ ಅಂದರು. ಒಳಗೊಳಗೇ ‘ಒನ್, ಟೂ’ ಎಣಿಸಲು ಆಸ್ಪದವೇ ಇಲ್ಲದಂತೆ. ಅವರ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ ತಪ್ಪಿತು.

ಈ ಪರೀಕ್ಷೆ ನನಗೆ ಬಹಳ ಇಷ್ಟ. ಪದ ಇಲ್ಲದಿದ್ದರೂ ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ತಟ್ಟುತ್ತದೆ. ಎದುರಿಗಿದ್ದದ್ದು ಮರೆಯಾದ ಮೇಲೆ ಅದನ್ನು ಹಿಡಿದಿಟ್ಟುಕೊಳ್ಳಲು ಪದ ಬೇಕು. ನಿನ್ನೆಯದನ್ನು ಇವತ್ತಿಗೆ ತರಲು ಬೇಕು. ಅಲ್ಲಿ ಆದದ್ದನ್ನು ಇಲ್ಲಿ ಹೇಳಲು ಬೇಕು. ಪದ ಅಂದರೆ ಒಂಥರಾ ಕೊಡ. ಕೊಡ ಇಲ್ಲದವನಿಗೂ ಬಾಯಾರಿಕೆ ಆಗುತ್ತದೆ. ಹೊಳೆಯ ಪಕ್ಕದಲ್ಲೇ ಇದ್ದರೆ ಬೊಗಸೆಯಲ್ಲಿ ಕುಡಿಯುತ್ತಾನೆ. ಮನೆಗೆ ಒಯ್ಯಲು ಮಾತ್ರ ಆಗುವುದಿಲ್ಲ.

ಇನ್ನೊಂದು ಕಥೆ ನಿಕರಾಗುವಾ ದೇಶದ್ದು. ನಿಮ್ಮ ಮಗಳಿಗೆ ಇದು ಇನ್ನೂ ಹತ್ತಿರ. ಅಲ್ಲಿ ಕಿವುಡ ಮಕ್ಕಳು ಅವರವರ ಮನೆಗಳಲ್ಲಿ ಒಂಟಿಯಾಗಿ ಬೆಳೆಯುತ್ತಿದ್ದರು. ಕೈಸನ್ನೆಯಲ್ಲಿ ಊಟ, ನೀರು ಕೇಳುವಷ್ಟು ಮಾತು. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆ ಶುರುವಾಯಿತು. ಮೇಷ್ಟ್ರುಗಳು ಸ್ಪ್ಯಾನಿಷ್ ಕಲಿಸಲು ಹೆಣಗಿದರು. ಮಕ್ಕಳು ಆಟದ ಬಯಲಲ್ಲಿ, ಬಸ್ಸಿನಲ್ಲಿ ತಮ್ಮದೇ ಸನ್ನೆಗಳನ್ನು ಬೆರೆಸಿ ಹೊಸ ಭಾಷೆಯನ್ನೇ ಕಟ್ಟಿಬಿಟ್ಟರು. ಆಮೇಲೆ ಬಂದ ಪುಟ್ಟ ಮಕ್ಕಳು ಅದನ್ನು ಇನ್ನೂ ಹಿಗ್ಗಿಸಿದರು.

ಮೊದಲು ಬಂದವರ ಸನ್ನೆಭಾಷೆಯಲ್ಲಿ ‘ಅಂದುಕೊಂಡ’, ‘ಗೊತ್ತಿತ್ತು’, ‘ನಂಬಿದ’ ಅನ್ನುವ ಥರದ ಪದಗಳು ಬಹಳ ಕಡಿಮೆ ಇದ್ದವು. ಕಿರಿಯರ ಸನ್ನೆಯಲ್ಲಿ ಬೇಕಾದಷ್ಟಿದ್ದವು. ಜೆನ್ನಿ ಪೈಯರ್ಸ್ ಮತ್ತು ಆ್ಯನ್ ಸೆಂಗಾಸ್ ಅನ್ನುವ ಸಂಶೋಧಕಿಯರು ಈ ಎರಡೂ ಗುಂಪಿಗೆ ಒಂದು ಪರೀಕ್ಷೆ ಕೊಟ್ಟರು. ನಾವು ಮಕ್ಕಳಿಗೆ ಕೊಡುತ್ತೇವಲ್ಲ, ಅದೇ ಬಗೆಯದು. ಒಬ್ಬ ಆಟದ ಸಾಮಾನನ್ನು ಒಂದು ಕಡೆ ಇಟ್ಟು ಹೊರಗೆ ಹೋದ. ಇನ್ನೊಬ್ಬ ಬಂದು ಅದನ್ನು ಬೇರೆ ಕಡೆ ಇಟ್ಟ. ಮೊದಲಿನವನು ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಅವನಿಗೆ ಗೊತ್ತಿಲ್ಲವಲ್ಲ, ಮೊದಲು ಇಟ್ಟ ಕಡೆಯೇ ಹುಡುಕುತ್ತಾನೆ. ವಯಸ್ಸಿನಲ್ಲಿ ದೊಡ್ಡವರಾದ ಮೊದಲ ಗುಂಪಿನವರೇ ಹೆಚ್ಚು ತಪ್ಪಿದರು. ಕಿರಿಯರು ಸರಿ ಹೇಳಿದರು. ಎರಡು ವರ್ಷ ಬಿಟ್ಟು ಮತ್ತೆ ನೋಡಿದಾಗ ದೊಡ್ಡವರು ಕಿರಿಯರ ಒಡನಾಟದಲ್ಲಿ ಆ ಪದಗಳನ್ನು ಕಲಿತಿದ್ದರು. ಪರೀಕ್ಷೆಯಲ್ಲೂ ಮುಂದೆ ಬಂದಿದ್ದರು. ಈ ಸಂಶೋಧನೆ 2009ರಲ್ಲಿ ಪ್ರಕಟವಾಯಿತು.

ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ, ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲದಿರಬಹುದು, ಅವರು ಹೇಳುತ್ತಿರುವುದು ಸುಳ್ಳಿರಬಹುದು. ಈ ಲೆಕ್ಕಾಚಾರಕ್ಕೆ ಪದಗಳ ಬೆಂಬಲ ಬೇಕು. ಮೋಸ ಮಾಡುವವರು ಮಕ್ಕಳ ಹತ್ತಿರ ಆಟ ಕಟ್ಟುವುದೂ ಇಲ್ಲೇ. ಹಾಗಾಗಿ ಪದ ಕಡಿಮೆ ಮಾಡಿದರೆ ಯೋಚನೆ ಕಡಿಮೆ ಆಗುತ್ತದೆ ಅನ್ನುವ ನಿಮ್ಮ ಮನೆಯವರ ಮಾತು ಅರ್ಧ ನಿಜ. ಆದರೆ ನಿಮ್ಮತ್ತೆ ಬಯಸುವ ಅರ್ಧ ಅಲ್ಲ ಅದು. ಕುತೂಹಲ, ಆಸೆ, ಭಯ, ಹೇಸಿಗೆ ಯಾವುದೂ ಹೋಗುವುದಿಲ್ಲ. ಅವುಗಳನ್ನು ಸಂಭಾಳಿಸುವ ಶಕ್ತಿ ಹೋಗುತ್ತದೆ.

ಈಗ ನಮ್ಮ ಮನೆಗೆ ಬರೋಣ. ನಾನು ಚಿಕ್ಕವಳಿದ್ದಾಗ ಅಜ್ಜಿಮನೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಆಗಾಗ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದರು. ತಟ್ಟೆ ಬೇರೆ, ಲೋಟ ಬೇರೆ. ಹತ್ತಿರ ಹೋದರೆ “ಬೇಡ, ಕಾಗೆ ಮುಟ್ಟಿದೆ” ಅನ್ನುತ್ತಿದ್ದರು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದಿದೆ, ನಿಮಗೂ ಗೊತ್ತಿರಬಹುದು. ಮುಟ್ಟು ಅನ್ನುವ ಪದ ಮಕ್ಕಳ ಕಿವಿಗೆ ಬೀಳಬಾರದು ಅಂತ ಮಾಡಿದ ಉಪಾಯ. ಪರಿಣಾಮ ಏನಾಯಿತು? ನಾನು ಮುಗ್ಧವಾಗಿಯೇನೂ ಉಳಿಯಲಿಲ್ಲ. ಕಾಗೆಗಳಿಗೆ ಹೆದರತೊಡಗಿದೆ. ಹೆಂಚಿನ ಮೇಲೆ ಕಾಗೆ ಕೂತರೆ ಒಳಗೆ ಓಡುತ್ತಿದ್ದೆ. ಗಂಡಸರಿಗೆ ಯಾಕೆ ಕಾಗೆ ಮುಟ್ಟುವುದಿಲ್ಲ, ಅಜ್ಜಿಗೆ ಯಾಕೆ ಮುಟ್ಟುವುದಿಲ್ಲ ಅಂತ ನನ್ನದೇ ಲೆಕ್ಕ ಹಾಕುತ್ತಿದ್ದೆ. ಅಜ್ಜಿ ಮುದುಕಿ, ರುಚಿ ಇಲ್ಲ ಅಂತ ಕೊನೆಗೆ ತೀರ್ಮಾನಿಸಿದ್ದೆ! ಪದ ಮುಚ್ಚಿಟ್ಟರೂ ಯೋಚನೆ ನಿಲ್ಲಲಿಲ್ಲ. ದಾರಿ ತಪ್ಪಿತು, ಅಷ್ಟೇ. ನನ್ನ ಸರದಿ ಬಂದಾಗ ಅದನ್ನು ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಒಂದಿಡೀ ದಿನ ನನಗೇನೋ ದೊಡ್ಡ ಕಾಯಿಲೆ ಬಂದಿದೆ ಅಂದುಕೊಂಡಿದ್ದೆ.

ನಾವು ‘ಮುಗ್ಧ’ ಅನ್ನುತ್ತೇವಲ್ಲ, ಆ ಪದದ ಹುಟ್ಟು ಸ್ವಲ್ಪ ನೋಡಿ. ಸಂಸ್ಕೃತದ ‘ಮುಹ್’ ಅನ್ನುವ ಧಾತುವಿನಿಂದ ಬಂದದ್ದು. ಗೊಂದಲಕ್ಕೆ ಬೀಳು, ದಿಕ್ಕು ತಪ್ಪು ಅಂತ ಅದರ ಅರ್ಥ. ಅದೇ ಧಾತುವಿನಿಂದ ಮೋಹ ಬಂತು. ಅದರಿಂದಲೇ ‘ಮೂಢ’ನೂ ಬಂದ. ಮುಗ್ಧ ಮತ್ತು ಮೂಢ ಒಡಹುಟ್ಟಿದವರು! ಒಬ್ಬನನ್ನು ಮುದ್ದು ಮಾಡುತ್ತೇವೆ, ಇನ್ನೊಬ್ಬನನ್ನು ಬೈಯುತ್ತೇವೆ. ಇಂಗ್ಲಿಷಿನ ‘ಇನೊಸೆಂಟ್’ ಪದದ ಲ್ಯಾಟಿನ್ ಬೇರಿಗೆ ‘ಕೇಡು ಮಾಡದವನು’ ಅನ್ನುವ ಅರ್ಥ. ಮಗುವಿಗೆ ಹೇಳುವ ‘ಇನ್‌ಫೆಂಟ್’ ಪದಕ್ಕೆ ಮೂಲದಲ್ಲಿ ‘ಮಾತಾಡಲಾರದವನು’ ಅಂತ ಅರ್ಥ. ಈ ಎರಡನ್ನೂ ನಾವು ಕಲಸಿಬಿಟ್ಟಿದ್ದೇವೆ. ಕೇಡರಿಯದ ಮಗು ಅಂದರೆ ಮಾತರಿಯದ ಮಗು ಅಂದುಕೊಂಡಿದ್ದೇವೆ. ಕನ್ನಡದಲ್ಲಿ ಇವನ್ನು ಬೇರೆ ಮಾಡಲು ಪದಗಳೇನೂ ಕಡಿಮೆ ಇಲ್ಲ. ಮೋಸ ಗೊತ್ತಿಲ್ಲದವರು ಅಮಾಯಕರು, ತಪ್ಪು ಮಾಡದವರು ನಿರಪರಾಧಿಗಳು, ಏನೂ ತಿಳಿಯದವರು ಪೆದ್ದರು. ಮಂಗಳೂರು ಕಡೆ ‘ಪಾಪದವ’ ಅಂದರೆ ಯಾರ ತಂಟೆಗೂ ಹೋಗದ ಸಾಧು ಅಂತ. ನಿಮ್ಮ ಮಗಳು ಅಮಾಯಕಳಾಗಿರಲಿ ಅಂತ ಅತ್ತೆಗೆ ಆಸೆ. ಅದಕ್ಕೆ ಅವಳು ಪೆದ್ದಿಯಾಗಿರಬೇಕಿಲ್ಲ.

ಮುಗ್ಧತೆ ಕಾಪಾಡಲು ಹೊರಟವರಲ್ಲಿ ನನಗೆ ಯಾವಾಗಲೂ ನೆನಪಾಗುವುದು ಇಂಗ್ಲೆಂಡಿನ ಬೌಡ್ಲರ್ ಕುಟುಂಬ. ಮನೆಯಲ್ಲಿ ಹೆಂಗಸರು ಮಕ್ಕಳ ಮುಂದೆ ಗಟ್ಟಿಯಾಗಿ ಓದಬಹುದಾದ ಶೇಕ್ಸ್‌ಪಿಯರ್ ಬೇಕು ಅಂತ 1807ರಲ್ಲಿ ಅವರು ಒಂದು ಆವೃತ್ತಿ ತಂದರು. ‘ಅಸಭ್ಯ’ ಮಾತುಗಳನ್ನೆಲ್ಲ ಕಿತ್ತುಹಾಕಿದ್ದರು. ಆಮೇಲಿನ ಆವೃತ್ತಿ ಥಾಮಸ್ ಬೌಡ್ಲರ್ ಹೆಸರಲ್ಲಿ ಬಂತು. ಆದರೆ ಮೊದಲ ಸಲ ಕತ್ತರಿ ಹಿಡಿದವರು ಅವರ ಅಕ್ಕ ಹ್ಯಾರಿಯೆಟ್. ಅವರ ಹೆಸರು ಪುಸ್ತಕದಲ್ಲಿ ಇರಲಿಲ್ಲ. ಯಾಕಿರಬಹುದು ಹೇಳಿ? ಮರ್ಯಾದಸ್ಥ ಹೆಂಗಸಿಗೆ ಆ ಮಾತುಗಳು ಅಸಭ್ಯ ಅಂತ ಗೊತ್ತಾಗಬೇಕಾದರೆ, ಅವುಗಳ ಅರ್ಥ ಅವರಿಗೆ ಗೊತ್ತಿರಬೇಕಲ್ವಾ! ಪದ ಅಳಿಸುವವರಿಗೆ ಆ ಪದ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿಲ್ಲದೆ ಉಳಿಯುವುದು ಓದುವವರಿಗೆ ಮಾತ್ರ.

ಸ್ವಾತಂತ್ರ್ಯದ ವಿಷಯ ಬರುವುದು ಇಲ್ಲೇ. ಯಾರ ಕೈಯಲ್ಲಿ ಪದ ಇದೆ, ಯಾರ ಕೈಯಲ್ಲಿ ಇಲ್ಲ?

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಆಗುತ್ತಿದ್ದದ್ದಕ್ಕೆ ನಮ್ಮ ಬಳಿ ಇದ್ದದ್ದು ‘ಚುಡಾಯಿಸುವುದು’ ಅನ್ನುವ ಒಂದೇ ಪದ. ಪೇಪರಿನವರೂ ಅದನ್ನೇ ಬರೆಯುತ್ತಿದ್ದರು. ಆದರೆ ಭಾವ ನಾದಿನಿಯನ್ನು ಚುಡಾಯಿಸುತ್ತಾನೆ, ಅಜ್ಜ ಮೊಮ್ಮಗಳನ್ನು ಚುಡಾಯಿಸುತ್ತಾನೆ. ಅದರಲ್ಲಿ ಸಲಿಗೆ ಇದೆ, ತಮಾಷೆ ಇದೆ. ಬಸ್ಸಿನಲ್ಲಿ ಮೈಮೇಲೆ ಕೈ ಹಾಕಿದವನ ಬಗ್ಗೆ ಮನೆಯಲ್ಲಿ ಹೇಳಲು ಹೋದರೆ ಆ ಪದವೇ ವಿಷಯವನ್ನು ಅರ್ಧ ಮಾಡಿಬಿಡುತ್ತಿತ್ತು. “ಹುಡುಗರು, ಏನೋ ತಮಾಷೆಗೆ ಚುಡಾಯಿಸಿರ್ತಾರೆ ಬಿಡು.” ನಮಗೆ ಆದ ಕಸಿವಿಸಿ ಪೂರ್ತಿ ನಿಜ. ಅದನ್ನು ಇನ್ನೊಬ್ಬರ ಮುಂದೆ ಇಡಲು ಸರಿಯಾದ ಪಾತ್ರೆ ಮಾತ್ರ ಇರಲಿಲ್ಲ.

ಅಮೆರಿಕದಲ್ಲೂ ಇದೇ ಕಥೆ. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾ ಅನ್ನುವ ಊರಿನಲ್ಲಿ ಲಿನ್ ಫಾರ್ಲೆ ಮತ್ತು ಗೆಳತಿಯರು ಕೂತು ಯೋಚಿಸಿದರು. ಕೆಲಸದ ಜಾಗದಲ್ಲಿ ಮೇಲಿನವರ ಕಾಟ ತಾಳಲಾರದೆ ಕೆಲಸ ಬಿಟ್ಟ ಹೆಂಗಸರ ಕಥೆ ಅವರ ಮುಂದಿತ್ತು. ಇದಕ್ಕೆ ಹೆಸರೇ ಇಲ್ಲವಲ್ಲ ಅಂತ ಹಲವು ಪದಗಳನ್ನು ತೂಗಿ ನೋಡಿ ‘ಸೆಕ್ಷುಯಲ್ ಹರಾಸ್‌ಮೆಂಟ್’ ಅನ್ನುವುದನ್ನು ಆರಿಸಿಕೊಂಡರು. ಕಾಟ ಅವತ್ತು ಶುರುವಾದದ್ದಲ್ಲ. ಅದನ್ನು ಆ ಹೆಸರಿನಲ್ಲಿ ಕೋರ್ಟಿಗೆ ಒಯ್ಯುವ ದಾರಿ ಅವತ್ತು ಶುರುವಾಯಿತು. ನಮ್ಮಲ್ಲಿ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಕೆಲಸದ ಜಾಗದಲ್ಲಿ ಇಂಥ ಕಾಟ ತಡೆಯುವ 2013ರ ಕಾಯ್ದೆ, ಎರಡೂ ಈ ಹೆಸರಿನ ಮೇಲೆಯೇ ನಿಂತಿವೆ. ಕನ್ನಡದಲ್ಲಿ ‘ಲೈಂಗಿಕ ಕಿರುಕುಳ’ ಆಯಿತು. ಕೇಳಲು ಆಫೀಸಿನ ಕಡತದಂತಿದೆ, ನನಗೂ ಅಷ್ಟು ಇಷ್ಟವಿಲ್ಲ. ಆದರೆ ‘ಚುಡಾಯಿಸಿದ’ ಅನ್ನುವುದಕ್ಕಿಂತ ಸಾವಿರ ಪಾಲು ಮೇಲು. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಒಂದು ಕೈಪಿಡಿ ಹೊರಡಿಸಿ ‘ಈವ್ ಟೀಸಿಂಗ್’ ಅಂತ ಬಳಸಬೇಡಿ, ಬೀದಿಯ ಲೈಂಗಿಕ ಕಿರುಕುಳ ಅನ್ನಿ ಅಂತ ಹೇಳಿತು. ಸುಮ್ನೆ ಪದದ ಮೇಲೆ ಜಗಳ ಅಂತ ಕೆಲವರು ನಕ್ಕರು. ಪದದ ಮೇಲಿನ ಜಗಳವೇ ಅದು.

ಬೇಕಂತಲೇ ಪದ ಅಳಿಸುವ ಸರ್ಕಾರಗಳೂ ಇವೆ. ಚೀನಾದಲ್ಲಿ 1989ರ ಜೂನ್ 4ರಂದು ರಾಜಧಾನಿ ಬೀಜಿಂಗಿನ ತಿಯಾನನ್‌ಮೆನ್‌ನಲ್ಲಿ ಸೈನ್ಯ ಪ್ರತಿಭಟನಕಾರರನ್ನು ಕೊಂದದ್ದರ ಬಗ್ಗೆ ಅಂತರ್ಜಾಲದಲ್ಲಿ ಬರೆಯುವಂತಿಲ್ಲ. ಆ ತಾರೀಖು ಬರೆದರೂ ಅಳಿಸಿಬಿಡುತ್ತಾರೆ. ಜನ ಏನು ಮಾಡಿದರು ಗೊತ್ತಾ? ‘ಮೇ 35’ ಅಂತ ಬರೆದರು. ಮೇ 31 ಆದ ಮೇಲೆ ಎಣಿಸಿ ನೋಡಿ. ಪದ ಇಲ್ಲದಿದ್ದರೆ ಯೋಚನೆ ಸಾಯುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಆದರೆ ಒಂದು ತಲೆಮಾರು ಕಳೆದ ಮೇಲೆ, ಯಾರೂ ಹೇಳಿಕೊಡದಿದ್ದರೆ, ಮೇ 35 ಅಂದರೆ ಏನಂತ ಮಕ್ಕಳಿಗೆ ತಿಳಿಯುವುದಿಲ್ಲ. ಕಾಗೆ ನೋಡಿ ಹೆದರಿದ ನನ್ನ ಹಾಗೆ.

ಕಾಪಾಡುತ್ತೇವೆ ಅಂತ ಮಾತು ಕಿತ್ತುಕೊಂಡದ್ದೂ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆಭಾಷೆ ಬೇಡ, ಬಾಯಿಮಾತೇ ಇರಲಿ ಅಂತ ನಿರ್ಣಯ ಮಾಡಿದರು. ಮಕ್ಕಳ ಒಳ್ಳೆಯದಕ್ಕೇ ಅಂದರು. ಮಕ್ಕಳು ಹಾಸ್ಟೆಲ್ಲಿನಲ್ಲಿ ಕದ್ದುಮುಚ್ಚಿ ಸನ್ನೆಯಲ್ಲೇ ಮಾತಾಡಿದರು. ಅದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿತು. 130 ವರ್ಷ ಬೇಕಾಯಿತು.

ಸರಿ, ನಿಮ್ಮ ಮಗಳಿಗೆ ಯಾವ ಪದ ಕಲಿಸುವುದು? ಕನ್ನಡದ ಮನೆಗಳಿಗೆ ನಿಜವಾದ ಕಷ್ಟ ಇರುವುದು ಇಲ್ಲಿ. ನಮ್ಮಲ್ಲಿ ಈ ವಿಷಯಕ್ಕೆ ನಡುವಿನ ಮಾತೇ ಇಲ್ಲ. ಒಂದು ಕಡೆ ಪಠ್ಯಪುಸ್ತಕದ ಶಿಶ್ನ, ಯೋನಿ. ಇನ್ನೊಂದು ಕಡೆ ಬೀದಿಯ ಬೈಗುಳ. ನಮ್ಮದೇ ಹಳೆಯ ಪದಗಳೆಲ್ಲ ಬೈಗುಳದ ಪಾಲಾಗಿವೆ. ಪೊಲೀಸರ ವರದಿಯಲ್ಲಿ ‘ಗುಪ್ತಾಂಗ’. ಹೆಸರಿನಲ್ಲೇ ಗುಟ್ಟು! ‘ಮೊಲೆಹಾಲು’ ಅನ್ನುವುದು ಮೊನ್ನೆಮೊನ್ನೆಯವರೆಗೆ ಎಲ್ಲರ ಬಾಯಲ್ಲೂ ಇದ್ದ ಚೆಂದದ ಮಾತು. ಈಗ ಪೇಟೆಯಲ್ಲಿ ಹೇಳಿದರೆ ಮುಖ ತಿರುಗಿಸುತ್ತಾರೆ. ‘ಕುಂಡಿ’ ಹುಬ್ಬಳ್ಳಿಯಲ್ಲಿ ಸಹಜ, ನಿಮ್ಮ ಹಾಸನದಲ್ಲಿ ಒರಟು. ‘ಬಸುರಿ’ ಹೋಗಿ ‘ಪ್ರೆಗ್ನೆಂಟ್’, ‘ಮುಟ್ಟು’ ಹೋಗಿ ‘ಪೀರಿಯಡ್ಸ್’ ಬಂದಿದೆ. ಇಂಗ್ಲಿಷಿನಲ್ಲಿ ಹೇಳಿದರೆ ನಾಚಿಕೆ ಕಡಿಮೆ. ಅದಕ್ಕೆ ನನ್ನ ತಕರಾರಿಲ್ಲ. ಬಾಯಿಗೆ ಬರುವ ಪದವೇ ಒಳ್ಳೆಯ ಪದ.

ನನ್ನ ಸಲಹೆ ಇಷ್ಟು. ಸ್ನಾನ ಮಾಡಿಸುವಾಗ ಕೈ, ಕಾಲು, ಮೊಣಕಾಲು ಅನ್ನುವ ದನಿಯಲ್ಲೇ ಇದನ್ನೂ ಹೇಳಿ. ದನಿ ಇಳಿಸಬೇಡಿ. ಪಿಸುಗುಟ್ಟಿದರೆ ಮಗು ಪದಕ್ಕಿಂತ ಮೊದಲು ಪಿಸುಮಾತನ್ನೇ ಕಲಿಯುತ್ತದೆ. ‘ಇದು ಉಚ್ಚೆ ಹೋಗುವ ಜಾಗ, ಇದಕ್ಕೆ ಯೋನಿ ಅಂತ ಹೆಸರು’ ಅಂದರೆ ಸಾಕು. ವೈದ್ಯರ ಲೆಕ್ಕದಲ್ಲಿ ಹೊರಗೆ ಕಾಣುವ ಭಾಗಕ್ಕೆ ಅದು ಪೂರ್ತಿ ಸರಿಯಾದ ಹೆಸರಲ್ಲ. 6 ವರ್ಷಕ್ಕೆ ಇಷ್ಟು ನಡೆಯುತ್ತದೆ. ಮುದ್ದಿನ ಹೆಸರು ಇಟ್ಟುಕೊಂಡಿದ್ದರೆ ಅದರ ಜೊತೆಗೆ ಇದೂ ಇರಲಿ. ಯಾಕೆಂದರೆ ಮುದ್ದಿನ ಹೆಸರು ಮನೆಯ ಹೊಸ್ತಿಲು ದಾಟುವುದಿಲ್ಲ. ನಿಮ್ಮ ಮನೆಯಲ್ಲಿ ಅದಕ್ಕೆ ‘ಗುಬ್ಬಿ’ ಅಂತೀರಿ ಅಂದುಕೊಳ್ಳಿ. ಮಗು ಶಾಲೆಯಲ್ಲಿ ಮಿಸ್ ಹತ್ತಿರ “ಆ ಮಾಮ ನನ್ನ ಗುಬ್ಬಿ ಮುಟ್ಟಿದ” ಅಂದರೆ, ಅವರು ಆಟದ ಸಾಮಾನು ಅಂದುಕೊಂಡು “ಹಂಚ್ಕೊಂಡು ಆಡಬೇಕು ಪುಟ್ಟಾ” ಅನ್ನಬಹುದು. ಮಗು ಹೇಳಬೇಕಾದ್ದು ಹೇಳಿಯಾಯಿತು. ಯಾರಿಗೂ ಮುಟ್ಟಲಿಲ್ಲ. ಅದು ಇನ್ನೊಮ್ಮೆ ಹೇಳುವುದು ಕಷ್ಟ. ಅಷ್ಟು ದೂರ ಹೋಗುವುದೂ ಬೇಡ. ಉಚ್ಚೆ ಹೋಗುವಾಗ ಉರಿ ಆದರೂ ಪದ ಇಲ್ಲದ ಮಗು ‘ಹೊಟ್ಟೆನೋವು’ ಅನ್ನುತ್ತದೆ. ನೀವು ಓಮದ ನೀರು ಕುಡಿಸುತ್ತೀರಿ.

ಮೈಯ ಹೆಸರಿನಷ್ಟೇ, ನನ್ನ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ, ಮನಸ್ಸಿನ ಹೆಸರುಗಳು ಬೇಕು. ನಿಕರಾಗುವಾದ ಕಥೆ ಹೇಳಿದ್ದು ಅದಕ್ಕೇ. ಈಗಿನ ಮಕ್ಕಳನ್ನು ಕೇಳಿದರೆ ಹ್ಯಾಪಿ, ಸ್ಯಾಡ್, ಬೋರ್, ಮೂರೇ ಬರುವುದು. ಕನ್ನಡದಲ್ಲಿ ಎಷ್ಟಿವೆ ನೋಡಿ: ದಿಗಿಲು, ತಳಮಳ, ಕಸಿವಿಸಿ, ಮುಜುಗರ, ಇರುಸುಮುರುಸು, ಹೇಸಿಗೆ, ಬೇಜಾರು. ‘ಯಾರಾದರೂ ಹತ್ತಿರ ಬಂದಾಗ ಕಸಿವಿಸಿ ಆಯ್ತಾ?’ ಅಂತ ಕೇಳಬೇಕಾದರೆ ಕಸಿವಿಸಿ ಅಂದರೆ ಏನಂತ ಅವಳಿಗೆ ಮೊದಲೇ ಗೊತ್ತಿರಬೇಕು. ಚುಚ್ಚುವ ಸ್ವೆಟರ್ ಹಾಕಿದಾಗ, ಗುರುತಿಲ್ಲದವರ ಮನೆಯಲ್ಲಿ ಊಟಕ್ಕೆ ಕೂತಾಗ ಆ ಪದ ಬಳಸಿ. ಕೆಟ್ಟ ಸಂದರ್ಭಕ್ಕೆ ಅಂತ ಪದ ಕಾಪಿಡಬೇಡಿ. ‘ಅವರು ಹಾಗೆ ಹೇಳಿದರು, ಆದರೆ ಅವರ ಮನಸ್ಸಿನಲ್ಲಿ ಬೇರೆ ಇತ್ತು’ ಅನ್ನುವ ಥರದ ಕಥೆಗಳನ್ನು ಹೇಳಿ. ನರಿ, ಕಾಗೆ, ವಡೆಯ ಕಥೆ ಅದಕ್ಕೇ ಇರುವುದು. ಕಾಗೆಯ ಮೇಲಿನ ನನ್ನ ಹಳೆಯ ಸಿಟ್ಟೂ ಅದರಿಂದ ಕಡಿಮೆಯಾಗಿತ್ತು.

ಯಾರಿಗಾದರೂ ಅನುಮಾನ ಬರುವಂಥದ್ದು ಮಗು ಹೇಳಿದರೆ ಮಕ್ಕಳ ಸಹಾಯವಾಣಿ 1098 ಇದೆ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆ ಸಮಯದಲ್ಲಿ ಹುಡುಕುವಂತಾಗಬಾರದು.

ಅತ್ತೆಯವರ ಜೊತೆ ವಾದಕ್ಕೆ ಕೂರಬೇಡಿ. ಅವರು ಚಿಕ್ಕವರಿದ್ದಾಗ ಇದಕ್ಕೆಲ್ಲ ಏನೇನು ಪದ ಇದ್ದವು ಅಂತ ಸುಮ್ನೆ ಕೇಳಿ ನೋಡಿ. ಸೂಲಗಿತ್ತಿಯರು, ಬಾಣಂತನ ಮಾಡುತ್ತಿದ್ದ ಅಜ್ಜಿಯಂದಿರು ಇದ್ದ ಕಾಲ ಅದು. ನಿಮಗೂ ನನಗೂ ಗೊತ್ತಿಲ್ಲದ ಒಳ್ಳೆಯ ಕನ್ನಡ ಅವರ ಹತ್ತಿರ ಇರಬಹುದು. ಸಿಕ್ಕರೆ ನನಗೂ ಬರೆದು ಕಳಿಸಿ.

ಕೊನೆಗೆ ಒಂದು ಕೆಲಸ. ಕನ್ನಡದಲ್ಲಿ ಬೇಡ, ಒಲ್ಲೆ, ಇಲ್ಲ, ಅಲ್ಲ, ಕೂಡದು ಅಂತ ನಿರಾಕರಿಸಲು ಇಷ್ಟೊಂದು ಪದ ಇವೆ. 6 ವರ್ಷದ ಮಗುವಿಗೆ ‘ಬೇಡ’ ಗೊತ್ತಿಲ್ಲದೆ ಇಲ್ಲ, ಎರಡನೇ ವರ್ಷದಲ್ಲೇ ಕಲಿತಿರುತ್ತದೆ. ಆದರೆ ‘ದೊಡ್ಡವರಿಗೆ ಹಾಗೆಲ್ಲ ಬೇಡ ಅನ್ನಬಾರದು’ ಅಂತ ನಾವೇ ಅದನ್ನು ವಾಪಸ್ ತೆಗೆದುಕೊಂಡಿರುತ್ತೇವೆ. ಮುಂದಿನ ಸಲ ನೆಂಟರು ಬಂದು “ಬಾ ಪುಟ್ಟಿ, ತೊಡೆ ಮೇಲೆ ಕೂತ್ಕೋ” ಅಂದಾಗ ಅವಳು “ಬೇಡ” ಅಂದರೆ, ಅವಳನ್ನು ಗದರದೆ “ಅವಳಿಗೆ ಈಗ ಬೇಡ್ವಂತೆ, ನೀವು ಕಾಫಿ ತಗೊಳ್ಳಿ” ಅನ್ನುವ ಮಾತು ಮನೆಯಲ್ಲಿ ಯಾರಾದರೂ ಆಡಬೇಕು. ಅದನ್ನು ಅತ್ತೆಯವರ ಬಾಯಿಂದ ಹೇಳಿಸಲು ಸಾಧ್ಯವೇ ನೋಡಿ. ನೆಂಟರು ಅವರಿಗೆ ಎದುರು ಹೇಳುವುದಿಲ್ಲ.